ಕಾರ್ ಇನ್ಶೂರೆನ್ಸ್ ಅರ್ಧ ರೇಟಿಗೆ ರಿನ್ಯೂ ಮಾಡ್ಸಿಕೊಡ್ತೀನಿ ಅನ್ನೋರ ಹತ್ರ ಹುಷಾರಾಗಿರಿ

ರಿನ್ಯೂವಲ್ ರೇಟು ಜಾಸ್ತಿ ಬಂತು ಅಂತ ತಲೆ ಬಿಸಿ ಮಾಡ್ಕೊಂಡಿರೋರೆಲ್ಲ ಇದನ್ನ ಓದಿ. ಯಾರಾದ್ರೂ ಏಜೆಂಟು ನಿಮಗೆ ಅದೇ ಪಾಲಿಸಿನ ಅರ್ಧ ರೇಟಿಗೆ ಮಾಡ್ಕೊಡ್ತೀನಿ ಅಂದ್ರೆ ಆ ಇನ್ನರ್ಧ ದುಡ್ಡು ಎಲ್ಲಿ ಹೋಯ್ತು ಅಂತ ಮೊದ್ಲು ಕೇಳಿ, ಯಾಕಂದ್ರೆ ಅದು ಗಾಳೀಲಿ ಕರಗಲ್ಲ, ನಿಮ್ಮ ಪಾಲಿಸಿಯೊಳಗೇ ಎಲ್ಲೋ ಕತ್ತರಿ ಬಿದ್ದಿರುತ್ತೆ.

ನಮ್ಮದು ಮೈಸೂರು, 1200 ಸಿಸಿ ಪೆಟ್ರೋಲ್ ಕಾರು, 2019ರ ಫೆಬ್ರವರೀಲಿ ತಗೊಂಡಿದ್ದು. ಮೊದ್ಲು ಮೂರು ವರ್ಷ ರಿನ್ಯೂವಲ್ ಅಂದ್ರೆ ಏನೂ ಅನ್ನಿಸ್ತಾ ಇರ್ಲಿಲ್ಲ, ಯಾಕಂದ್ರೆ 2018ರ ಸೆಪ್ಟೆಂಬರಿಂದ ಹೊಸ ಕಾರಿಗೆಲ್ಲ ಮೂರು ವರ್ಷದ ಥರ್ಡ್ ಪಾರ್ಟಿ (ನಮ್ಮ ಕಾರಿಂದ ಬೇರೆಯವರಿಗೆ ಆಗೋ ನಷ್ಟಕ್ಕೆ ಇರೋ ಕವರ್ರು) ಶೋರೂಮಲ್ಲೇ ಒಟ್ಟಿಗೆ ಕಟ್ಟಿಸ್ಕೊಂಡುಬಿಡ್ತಾರೆ, ಆಮೇಲೆ ವರ್ಷಾವರ್ಷ ಬರೀ ಓನ್ ಡ್ಯಾಮೇಜ್ (ನಮ್ಮ ಕಾರಿಗೇ ಆಗೋ ನಷ್ಟದ್ದು) ಮಾತ್ರ ಕಟ್ಟೋದು. ನಾಲ್ಕನೇ ವರ್ಷಕ್ಕೆ ಥರ್ಡ್ ಪಾರ್ಟಿನೂ ಸೇರ್ಕೊಳ್ಳುತ್ತೆ, ಆಗ ಎಲ್ರೂ ಅಯ್ಯೋ ರೇಟು ಏರಿಸ್ಬಿಟ್ರು ಅಂತಾರೆ. ಆದ್ರೆ ಥರ್ಡ್ ಪಾರ್ಟಿ ರೇಟು ಯಾವ ಕಂಪನಿ ಕೈಲೂ ಇಲ್ಲ, ಸರ್ಕಾರ ನಿಗದಿ ಮಾಡೋದು. 2022ರ ಜೂನಲ್ಲಿ ಮಾಡಿರೋ ಲೆಕ್ಕದಲ್ಲಿ 1000 ಸಿಸಿ ಒಳಗಿನ ಕಾರಿಗೆ 2,094 ರೂಪಾಯಿ, 1000ದಿಂದ 1500ಕ್ಕೆ 3,416, ಅದಕ್ಕಿಂತ ದೊಡ್ಡ ಎಂಜಿನ್‌ಗೆ 7,897. ಇದರ ಮೇಲೆ ಜಿಎಸ್‌ಟಿ 18 ಪರ್ಸೆಂಟು. ಸೋ ಥರ್ಡ್ ಪಾರ್ಟೀಲಿ ಡಿಸ್ಕೌಂಟ್ ಕೊಡಿಸ್ತೀನಿ ಅಂತ ಯಾರಾದ್ರೂ ಅಂದ್ರೆ ಅಲ್ಲಿಗೇ ಫೋನ್ ಇಟ್ಟುಬಿಡಿ.

2023ರಲ್ಲಿ ನಾನು ಕಟ್ಟಿದ್ದು ಹತ್ತು ಸಾವಿರದ ಎಂಟುನೂರು ಚಿಲ್ಲರೆ. ಆ ವರ್ಷ ಹುಣಸೂರು ರೋಡಲ್ಲಿ ಹಿಂದಿಂದ ಒಬ್ಬ ಸ್ಕೂಟರ್‌ನವನು ಗುದ್ದಿ ಬಂಪರ್ ಸೀಳೋಯ್ತು, ಸರ್ವಿಸ್ ಸೆಂಟರಲ್ಲಿ ಅಡ್ವೈಸರು "ಇನ್ಶೂರೆನ್ಸ್ ಇದ್ಯಲ್ಲ ಸಾರ್, ಕ್ಲೈಮ್ ಹಾಕ್ಬಿಡೋಣ" ಅಂದ್ರು, ಕ್ಲೈಮ್ ಆಯ್ತು. 2024ರಲ್ಲಿ ರಿನ್ಯೂವಲ್ ನೋಟಿಸ್ ಬಂದಾಗ ಹದಿನೈದು ಸಾವಿರದ ಏಳುನೂರು! ನಾಲ್ಕು ವರ್ಷ ಕ್ಲೈಮ್ ಮಾಡ್ದೆ ಕೂಡಿಟ್ಟಿದ್ದ 45 ಪರ್ಸೆಂಟ್ ನೋ ಕ್ಲೈಮ್ ಬೋನಸ್ (ಎನ್‌ಸಿಬಿ, ಅಂದ್ರೆ ಕ್ಲೈಮ್ ಮಾಡ್ದೇ ಇದ್ದಿದ್ದಕ್ಕೆ ಪ್ರೀಮಿಯಮಲ್ಲಿ ಸಿಗೋ ಡಿಸ್ಕೌಂಟು) ಒಂದೇ ಬಂಪರಿಗೆ ಸೊನ್ನೆ ಆಗಿತ್ತು. ಗೊತ್ತಿಲ್ದೋರಿಗೆ ಹೇಳ್ಬಿಡ್ತೀನಿ, ಎನ್‌ಸಿಬಿ ಮೊದಲ್ನೇ ವರ್ಷಕ್ಕೆ 20, ಆಮೇಲೆ 25, 35, 45, ಕೊನೆಗೆ 50. ಅದೂ ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ ಮಾತ್ರ. ಮೇಲೆ ಹೋಗೋಕೆ ಐದು ವರ್ಷ, ಕೆಳಗೆ ಬೀಳೋಕೆ ಒಂದು ಸಹಿ.

ನೋಟಿಸ್ ಬಂದಿದ್ದೇ ತಡ, ಎಲ್ಲಿಂದ ನಂಬರ್ ಸಿಗುತ್ತೋ ದೇವರಿಗೇ ಗೊತ್ತು, ಫೋನ್ ಮೇಲೆ ಫೋನು. ಅದ್ರಲ್ಲಿ ಒಬ್ಬ ತುಂಬಾ ನಯವಾಗಿ ಮಾತಾಡ್ದ. ಪಾಲಿಸಿ ಕಾಪಿ ವಾಟ್ಸಾಪ್ ಮಾಡಿ ಅಂದ, ಮಾಡ್ದೆ. ಜೊತೆಗೇ "ಹೋದ ವರ್ಷ ಒಂದು ಕ್ಲೈಮ್ ಆಗಿದೆ, ನೋಡ್ಕೊಂಡು ಕೊಟೇಶನ್ ಕೊಡಿ" ಅಂತ ಟೈಪ್ ಮಾಡಿ ಹಾಕ್ದೆ. ಆ ಮೆಸೇಜ್ ಇವತ್ತಿಗೂ ಇದೆ, ಎರಡು ನೀಲಿ ಟಿಕ್ ಸಮೇತ. ಹತ್ತು ನಿಮಿಷದಲ್ಲಿ ಕೊಟೇಶನ್ ಬಂತು, ಏಳು ಸಾವಿರದ ಮುನ್ನೂರು. ಹೆಂಗೆ ಅಂತ ಕೇಳಿದ್ರೆ "ನಮ್ದು ಕಾರ್ಪೊರೇಟ್ ಟೈಅಪ್ ಸಾರ್, ಫುಲ್ ಕವರ್ರು, ಇವತ್ತು ಸಂಜೆ ಆರರೊಳಗೆ ಮಾಡಿದ್ರೆ ಮಾತ್ರ ಈ ರೇಟು" ಅಂತ. ಕಂಪನಿ ದೊಡ್ಡದೇ, ಪೇಮೆಂಟ್ ಲಿಂಕೂ ಕಂಪನೀದೇ, ಪರ್ಸನಲ್ ನಂಬರಿಗೆ ಗೂಗಲ್ ಪೇ ಮಾಡಿ ಅಂತ ಏನೂ ಕೇಳ್ಲಿಲ್ಲ. ಪಾಲಿಸಿ ಪಿಡಿಎಫ್ ಬಂತು, ಸರ್ಕಾರದ ಎಂಪರಿವಾಹನ್ ಆಪಲ್ಲೂ ಇನ್ಶೂರೆನ್ಸ್ ಡೇಟು ಅಪ್ಡೇಟ್ ಆಯ್ತು. ನಕಲಿ ಅಲ್ಲ, ಎಲ್ಲ ಸರಿ ಇದೆ ಅಂತ ಯಾರಾದ್ರೂ ಅನ್ಕೊಳ್ಳೋದೇ ತಾನೆ.

ಮೇ ತಿಂಗಳ ಗಾಳಿ ಮಳೆಗೆ ಪಕ್ಕದ ಮನೆ ತೆಂಗಿನ ಮರದಿಂದ ಒಣ ಗರಿ, ಅದರ ಹಿಂದೇನೇ ಅರ್ಧ ಗೊನೆ ಕಾಯಿ ನಮ್ಮ ಕಾರಿನ ಮೇಲೆ ಬಿತ್ತು. ಬಾನೆಟ್ ಮಧ್ಯಕ್ಕೆ ತಗ್ಗು, ಮುಂದಿನ ಗ್ಲಾಸು ಪೂರ್ತಿ ಬಿರುಕು, ವೈಪರ್ ಕೆಳಗಿನ ಪ್ಲಾಸ್ಟಿಕ್ಕು ಪುಡಿಪುಡಿ, ಒಂದು ಫೆಂಡರೂ ಹೋಯ್ತು. (ಪಕ್ಕದ ಮನೆಯವರು ಬಂದು ನೋಡಿ, ಕಾಯಿ ಮಾತ್ರ ಎತ್ಕೊಂಡು ಹೋದ್ರು, ಇರ್ಲಿ.) ವರ್ಕ್‌ಶಾಪಲ್ಲಿ ಎಸ್ಟಿಮೇಟು ನಲವತ್ತೆಂಟು ಸಾವಿರ. ಸರ್ವೇಯರ್ ಬಂದು ಫೋಟೋ ಹೊಡ್ಕೊಂಡು ಹೋದ್ರು. ಆಮೇಲೆ ಕಂಪನಿಯವರು ಹಳೇ ಕಂಪನಿಗೆ ಮೇಲ್ ಹಾಕಿ ಎನ್‌ಸಿಬಿ ಕನ್ಫರ್ಮ್ ಮಾಡ್ಕೊಂಡಿದಾರೆ. ಅಲ್ಲಿಂದ ಕ್ಲೈಮ್ ಆಗಿದೆ ಅಂತ ಉತ್ತರ ಹೋಗಿದೆ. ಕ್ಲೈಮ್ ರಿಜೆಕ್ಟು. ಕಾರಣ, ಸುಳ್ಳು ಮಾಹಿತಿ ಕೊಟ್ಟು ಬೋನಸ್ ತಗೊಂಡಿದ್ದೀರ ಅಂತ.

ಆಗ ಪಿಡಿಎಫ್ ತೆಗೆದು ಒಂದೊಂದೇ ಸಾಲು ನೋಡ್ತಾ ಹೋದ್ರೆ ಒಂದಲ್ಲ ಎರಡಲ್ಲ. ಎನ್‌ಸಿಬಿ 50 ಪರ್ಸೆಂಟ್ ಅಂತ ಹಾಕಿದಾನೆ, ಹಿಂದಿನ ವರ್ಷ ಕ್ಲೈಮ್ ಇಲ್ಲ ಅಂತ ನನ್ನ ಹೆಸರಲ್ಲೇ ಡಿಕ್ಲರೇಶನ್ನು. ಐಡಿವಿ, ಅಂದ್ರೆ ಪಾಲಿಸೀಲಿ ಕಾರಿಗೆ ಕಟ್ಟಿರೋ ಬೆಲೆ, ಹಳೇ ಕಂಪನಿ ನೋಟಿಸಲ್ಲಿ 4 ಲಕ್ಷ 10 ಸಾವಿರ ಇದ್ದಿದ್ದು ಇಲ್ಲಿ 3 ಲಕ್ಷ 10 ಸಾವಿರ, ಅಂದ್ರೆ ಕಾರು ಕಳುವಾಗಿದ್ರೆ ಅಥವಾ ಟೋಟಲ್ ಲಾಸ್ ಆಗಿದ್ರೆ ಒಂದು ಲಕ್ಷ ಅಲ್ಲೇ ಗೋತಾ. ಜೀರೋ ಡೆಪ್ (ಪಾರ್ಟ್ಸು ಹಳೇದು ಅಂತ ದುಡ್ಡು ಕಟ್ ಮಾಡ್ದೇ ಕೊಡೋ ಕವರ್ರು) ಇಲ್ವೇ ಇಲ್ಲ. ಅದಿಲ್ದೆ ಇದ್ರೆ ಕ್ಲೈಮ್ ಪಾಸಾದ್ರೂ ಪ್ಲಾಸ್ಟಿಕ್, ರಬ್ಬರ್ ಪಾರ್ಟ್ಸಿಗೆ ಅರ್ಧ ಕಟ್ಟು, ಐದು ವರ್ಷ ದಾಟಿದ ಕಾರಿನ ಬಾನೆಟ್, ಫೆಂಡರ್ ಥರ ಲೋಹದ ಪಾರ್ಟ್ಸಿಗೆ 40 ಪರ್ಸೆಂಟ್ ಕಟ್ಟು, ಗ್ಲಾಸಿಗೆ ಮಾತ್ರ ಕಟ್ ಇಲ್ಲ. ಫುಲ್ ಕವರ್ರು ಅಂದಿದ್ದ ಮಹಾರಾಯ! ಮಾಲೀಕ ಕಮ್ ಡ್ರೈವರ್‌ದು 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರೂ ತೆಗೆದಿದಾನೆ, ಬೇರೆ ಕಡೆ ಇದೆ ಅಂತ ಬರೆದು. ನನಗೆ ಎಲ್ಲೂ ಇಲ್ಲ.

ಅವನಿಗೆ ಫೋನ್ ಮಾಡಿದ್ರೆ ಮೊದಲ ಸಲ "ಎಲ್ರಿಗೂ ಹಂಗೇ ಹಾಕೋದು ಸಾರ್, ಏನೂ ಆಗಲ್ಲ" ಅಂದ. ಏನಾಯ್ತು ಅಂತ ಹೇಳಿದ್ಮೇಲೆ ನಂಬರ್ ಬ್ಲಾಕು. ಕಂಪನಿಯವರು ಏಜೆಂಟ್ ಮಾಡಿದ್ದಕ್ಕೆ ನಾವು ಜವಾಬ್ದಾರರಲ್ಲ, ಡಿಕ್ಲರೇಶನ್ ನಿಮ್ದು ಅಂತಾರೆ. ಪ್ರೀಮಿಯಂ ಇಸ್ಕೊಳ್ಳೋವಾಗ ಅವನು ಅವರ ಏಜೆಂಟು, ಕ್ಲೈಮ್ ಬಂದಾಗ ನನ್ನ ಏಜೆಂಟು, ಎಂಥಾ ನ್ಯಾಯ ನೋಡಿ. ಫೆಬ್ರವರೀಲೇ ಹಳೇ ಕಂಪನಿಗೆ ಒಂದು ಮೇಲ್ ಹಾಕಿ ಕೇಳಿದ್ರೆ ಗೊತ್ತಾಗ್ತಿತ್ತು, ದುಡ್ಡು ಕೊಡೋ ಹೊತ್ತು ಬರೋವರೆಗೂ ಅವರಿಗೂ ಬೇಕಿರ್ಲಿಲ್ಲ. ಕಾರು ಬಿಡಿಸ್ಕೊಂಡಿದ್ದು ಕೈಯಿಂದ ದುಡ್ಡು ಹಾಕಿ.

ಕಂಪನಿಯ ದೂರು ವಿಭಾಗಕ್ಕೆ ಬರೆದೆ, ಆ ವಾಟ್ಸಾಪ್ ಸ್ಕ್ರೀನ್‌ಶಾಟ್ ಸಮೇತ. ಬಂದ ಉತ್ತರ ಅದೇ ರಾಗ. ಈಗ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ (ಇನ್ಶೂರೆನ್ಸ್ ಕಂಪನಿ ಮೇಲಿನ ದೂರು ಕೇಳಿ ತೀರ್ಮಾನ ಮಾಡೋರು) ಹಾಕಿದೀನಿ, ನಮ್ಮ ರಾಜ್ಯದ್ದು ಬೆಂಗಳೂರು ಜೆ.ಪಿ. ನಗರದಲ್ಲಿ. ಫೀಸಿಲ್ಲ, ಲಾಯರ್ ಇಡಂಗಿಲ್ಲ, ನಾವೇ ಮಾತಾಡ್ಬೇಕು. ಮೊದ್ಲು ಕಂಪನಿಗೆ ಬರೆದು ಒಂದು ತಿಂಗಳು ಕಾಯ್ಬೇಕು, ಅವರು ಇಲ್ಲ ಅಂದ್ರೆ ಅಥವಾ ಉತ್ತರಾನೇ ಕೊಡ್ದಿದ್ರೆ ಒಂದು ವರ್ಷದೊಳಗೆ ಅಲ್ಲಿಗೆ ಹೋಗ್ಬಹುದು. ಆರ್ಡರ್ ಇನ್ನೂ ಬಂದಿಲ್ಲ. ಅದಕ್ಕೇ ಕಂಪನಿ ಹೆಸರು ಬರೀತಾ ಇಲ್ಲ, ದಯವಿಟ್ಟು ಕೇಳ್ಬೇಡಿ.

ರೇಟು ಕಮ್ಮಿ ಮಾಡ್ಕೊಳ್ಳೋಕೆ ನೆಟ್ಟಗಿನ ದಾರೀನೂ ಇದೆ. ಎರಡು ಮೂರು ಕಂಪನಿ ಕೊಟೇಶನ್ ತರಿಸಿ, ಆದ್ರೆ ಎಲ್ಲದರಲ್ಲೂ ಐಡಿವಿ ಒಂದೇ ಇಟ್ಟು ಹೋಲಿಸಿ, ಇಲ್ಲಾಂದ್ರೆ ಹೋಲಿಸಿಯೂ ದಂಡ. ಓನ್ ಡ್ಯಾಮೇಜಲ್ಲಿ ಕಂಪನಿಗಳ ಮಧ್ಯೆ ನಿಜವಾಗ್ಲೂ ತುಂಬಾ ವ್ಯತ್ಯಾಸ ಇರುತ್ತೆ. ವಾಲಂಟರಿ ಡಿಡಕ್ಟಿಬಲ್ ತಗೊಂಡ್ರೆ ಸ್ವಲ್ಪ ಇಳಿಯುತ್ತೆ, ಕ್ಲೈಮಲ್ಲಿ ಆ ಮೊತ್ತ ನೀವೇ ಹಾಕ್ಕೋಬೇಕು ಅಷ್ಟೆ. ಕೀ ಕಳ್ಕೊಂಡ್ರೆ ಕವರ್ರು, ಟೈರ್ ಕವರ್ರು ಅಂತ ಸೇರಿಸಿರೋದೆಲ್ಲ ಬೇಡ ಅನ್ನಿ. ಎಂಜಿನ್ ಪ್ರೊಟೆಕ್ಷನ್ ಮಾತ್ರ ಬೆಂಗಳೂರವರು ತೆಗಿಬೇಡಿ, 2022ರ ಸೆಪ್ಟೆಂಬರಲ್ಲಿ ಬೆಳ್ಳಂದೂರು, ಯಮಲೂರು ಕಡೆ ಕಾರುಗಳು ಮುಳುಗಿದ್ದು ನೆನಪಿದ್ಯಲ್ಲ, ನೀರು ಹೋಗಿ ಎಂಜಿನ್ ಸೀಜ್ ಆದ್ರೆ ಸಾದಾ ಪಾಲಿಸೀಲಿ ಬರಲ್ಲ. ಮತ್ತೆ ಇವತ್ತೇ ಲಾಸ್ಟು ಅಂತ ಹೆದರಿಸಿದ್ರೆ ಪಾಲಿಸಿ ಮುಗಿಯೋ ಡೇಟು ನೀವೇ ನೋಡಿ, ಬೇರೆ ಲಾಸ್ಟ್ ಡೇಟು ಅಂತ ಯಾವುದೂ ಇಲ್ಲ. ಆ ಡೇಟು ಮಾತ್ರ ದಾಟಿಸ್ಬೇಡಿ, ದಾಟಿದ್ರೆ ಇನ್ಸ್‌ಪೆಕ್ಷನ್ನು, 90 ದಿನ ದಾಟಿದ್ರೆ ಇರೋ ಎನ್‌ಸಿಬಿನೂ ಹೋಗುತ್ತೆ, ಇನ್ಶೂರೆನ್ಸ್ ಇಲ್ದೆ ರೋಡಲ್ಲಿ ಸಿಕ್ಕಿಬಿದ್ರೆ ಮೊದಲ ಸಲಕ್ಕೇ ಎರಡು ಸಾವಿರ ದಂಡ.

ಈಗಾಗ್ಲೇ ಈ ಥರ ಯಾರತ್ರಾನೋ ಮಾಡಿಸಿದೀರಾ? ಹೋಗಿ ಪಿಡಿಎಫ್ ತೆಗೀರಿ, ಎನ್‌ಸಿಬಿ ಎಷ್ಟಿದೆ ನೋಡಿ. ಹಿಂದಿನ ವರ್ಷ ಕ್ಲೈಮ್ ಆಗಿದ್ದೂ ಅಲ್ಲಿ ಬೋನಸ್ ಕಾಣ್ತಿದ್ರೆ ಏಜೆಂಟಿಗೆ ಫೋನ್ ಮಾಡ್ಬೇಡಿ, ಅವನು ಏನೂ ಆಗಲ್ಲ ಅಂತಾನೆ. ಸೀದಾ ಕಂಪನಿ ಕಸ್ಟಮರ್ ಕೇರಿಗೆ ಮೇಲ್ ಹಾಕಿ, ಎನ್‌ಸಿಬಿ ತಪ್ಪಾಗಿದೆ, ಡಿಫರೆನ್ಸ್ ಕಟ್ತೀನಿ, ಸರಿ ಮಾಡಿ ಎಂಡಾರ್ಸ್‌ಮೆಂಟ್ (ಪಾಲಿಸಿ ತಿದ್ದಿದ್ದಕ್ಕೆ ಕಂಪನಿ ಕೊಡೋ ಪತ್ರ) ಕೊಡಿ ಅಂತ. ಆ ಎಂಡಾರ್ಸ್‌ಮೆಂಟ್ ಕೈಗೆ ಬರೋವರೆಗೂ ಬಿಡ್ಬೇಡಿ, ಗಾಡಿಗೆ ಏನಾದ್ರೂ ಆದ್ಮೇಲೆ ಅದನ್ನ ಯಾರೂ ಕೊಡಲ್ಲ.