ಆನೆ ಪೈಸೆಗೆ ಎಷ್ಟು ಅಚ್ಚು? ಮೂರು ಲೆಕ್ಕಗಳ ಹೋಲಿಕೆ

ನಾಣ್ಯ ಹೊಡೆಯಲು ಎಷ್ಟು ಅಚ್ಚು (ಚಿತ್ರ ಕೆತ್ತಿದ ಲೋಹದ ತುಂಡು) ಬಳಸಿದರು ಎಂದು ತಿಳಿಯಲು, ಠಂಕಸಾಲೆಯ ಲೆಕ್ಕದ ಕಡತ ಉಳಿದಿಲ್ಲದಿದ್ದರೆ ಇರುವುದು ಒಂದೇ ದಾರಿ. ಸಿಕ್ಕ ನಾಣ್ಯಗಳಲ್ಲಿ ಎಷ್ಟು ಬೇರೆ ಬೇರೆ ಅಚ್ಚು ಕಾಣುತ್ತವೆ ಎಂದು ಎಣಿಸಬೇಕು, ಕಾಣದೆ ಉಳಿದವು ಎಷ್ಟಿರಬಹುದೆಂದು ಅಂದಾಜು ಹಾಕಬೇಕು. ಗ್ರೀಕ್, ರೋಮನ್ ನಾಣ್ಯಗಳ ಅಧ್ಯಯನದಲ್ಲಿ ಬಳಕೆಯಲ್ಲಿರುವ ಮೂರು ಲೆಕ್ಕಗಳನ್ನು ಕೋಲಾರ, ಚಿಂತಾಮಣಿ ಕಡೆ ಸಿಗುವ ಟಿಪ್ಪು ಕಾಲದ ಆನೆ ಪೈಸೆಗೆ ಹಾಕಿ ನೋಡಿದೆವು. ಇದು ತಾಮ್ರ, ಸುಮಾರು 11 ಗ್ರಾಂ ತೂಕ. ಕಾಡುವ ತೊಂದರೆಗಳು ಮಾತ್ರ ಹಳೇ ಕಂಚಿನವೇ: ಸವೆತ, ಕಿಲುಬು, ಕೈಯಲ್ಲಿ ಕೆತ್ತಿದ ಅಚ್ಚು.

ಮೊದಲು ತಟ್ಟೆಯಲ್ಲಿ ಏನಿರಬೇಕು ಅನ್ನುವುದು. ಒಂದೇ ಠಂಕಸಾಲೆ, ಒಂದೇ ಬೆಲೆ, ಆದಷ್ಟು ಒಂದೇ ವರ್ಷ. ಪಟ್ಟಣದ (ಶ್ರೀರಂಗಪಟ್ಟಣದ) ಪೈಸೆಯ ಜೊತೆ ನಗರದ (ಬಿದನೂರಿನ) ಪೈಸೆ ಬೆರೆಸಿದರೆ ಮುಂದಿನದೆಲ್ಲ ವ್ಯರ್ಥ. ಮೌಲೂದಿ ಶಕೆಯ (ಟಿಪ್ಪು ಜಾರಿಗೆ ತಂದ ಕಾಲಗಣನೆ) ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕೆಂಬುದು ನೆನಪಿರಲಿ. ಸಂಗ್ರಾಹಕರ ಆಲ್ಬಮ್‌ಗಿಂತ ಪಾತ್ರೆ ಅಂಗಡಿಯವರು ತೂಕಕ್ಕೆ ಕೊಂಡ ಹಳೇ ತಾಮ್ರದ ಚೀಲ ಎಷ್ಟೋ ವಾಸಿ. ಸಂಗ್ರಾಹಕ ನಮೂನೆಗೊಂದು ಇಟ್ಟುಕೊಂಡು ಉಳಿದದ್ದನ್ನು ಮಾರಿಬಿಡುತ್ತಾನೆ. ಹಾಗಾಗಿ ಅವನ ಆಲ್ಬಮ್‌ನಲ್ಲಿ ಒಂಟಿ ಅಚ್ಚುಗಳೇ ಜಾಸ್ತಿ, ಅಂದಾಜು ಸುಮ್ಮಸುಮ್ಮನೆ ಉಬ್ಬುತ್ತದೆ. ನೆಲದಡಿ ಕುಡಿಕೆ ಸಿಕ್ಕಿದ್ದರೆ ವಿಷಯವೇ ಬೇರೆ. ಕರ್ನಾಟಕದ 1962ರ ನಿಧಿ ಕಾಯ್ದೆ ಪ್ರಕಾರ ಅಂಥ ನಿಧಿಯ ಸುದ್ದಿ ಜಿಲ್ಲಾಧಿಕಾರಿಗೆ ಹೋಗಬೇಕು.

ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಚೊಂಬಿಗೆ ಅದು ಸರಿ. ನಾಣ್ಯದಲ್ಲಿ ಕಿಲುಬಿನ ಜೊತೆ ಕೂದಲೆಳೆಯಷ್ಟು ಸಣ್ಣ ಗೆರೆಗಳೂ ಹೋಗುತ್ತವೆ, ನಮಗೆ ಬೇಕಾದದ್ದು ಅವೇ. ಬಟ್ಟಿ ಇಳಿಸಿದ ನೀರಲ್ಲಿ ನೆನೆಸಿ, ಬಿದಿರು ಕಡ್ಡಿಯ ತುದಿಯಿಂದ ಮಣ್ಣು ಬಿಡಿಸಿದರೆ ಸಾಕು.

ಅಚ್ಚು ಹೊಂದಿಸುವಾಗ ಆನೆಯ ಚಂದ ನೋಡಿ ಪ್ರಯೋಜನವಿಲ್ಲ. ಒಬ್ಬನೇ ಕೆತ್ತನೆಗಾರ ಹತ್ತು ಅಚ್ಚಿನಲ್ಲೂ ಅದೇ ಆನೆ ಕೆತ್ತುತ್ತಾನೆ. ನೋಡಬೇಕಾದದ್ದು ಜಾಗ: ಬಾಲದ ತುದಿ ಅಂಚಿನ ಯಾವ ಚುಕ್ಕಿಯ ನೇರಕ್ಕಿದೆ, ಆನೆಯ ಮೇಲೆ ಇಸವಿಯಿದ್ದರೆ ಮೊದಲ ಅಂಕಿ ಬೆನ್ನಿನಿಂದ ಎಷ್ಟು ದೂರ, ಸೊಂಡಿಲ ಬಾಗು ಮುಂಗಾಲಿಗೆ ಎಲ್ಲಿ ಹತ್ತಿರವಾಗುತ್ತದೆ. ಇಂಥ ಮೂರು ಗುರುತಾದರೂ ಕೂಡಿಬರಬೇಕು. ಅಚ್ಚು ಸೀಳಿದ್ದರೆ ನಾಣ್ಯದ ಮೇಲೆ ಉಬ್ಬುಗೆರೆ ಮೂಡುತ್ತದೆ. ಒಂದರಲ್ಲಿ ಗೆರೆ ಚಿಕ್ಕದು, ಇನ್ನೊಂದರಲ್ಲಿ ಉದ್ದ ಇದ್ದರೆ ಅವು ಎರಡು ಅಚ್ಚಲ್ಲ, ಒಂದೇ ಅಚ್ಚಿನ ಹಿಂದುಮುಂದಿನ ಏಟುಗಳು. ಫೋಟೋವನ್ನು ಎರಡು ಪಟ್ಟು ದೊಡ್ಡದಾಗಿ ಕಾಗದಕ್ಕೆ ಇಳಿಸಿ ಮೇಜಿನ ಮೇಲೆ ಹರಡುವುದು ಒಂದು ಪದ್ಧತಿ, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪಾರದರ್ಶಕವಾಗಿ ಹೊದಿಸುವುದು ಇನ್ನೊಂದು. ಸವೆದ ತಾಮ್ರಕ್ಕೆ ಮೊದಲನೆಯದೇ ಮೇಲು. ಪ್ರತಿ ನಾಣ್ಯಕ್ಕೂ ಬೆಳಕನ್ನು ಒಂದೇ ದಿಕ್ಕಿನಿಂದ, ತಗ್ಗಿನಿಂದ ಹಾಯಿಸಿ. ಹೊದಿಕೆ ಪದ್ಧತಿಯನ್ನು ಅನುಮಾನ ಬಂದ ಜೋಡಿಗಳಿಗಷ್ಟೇ ಇಟ್ಟುಕೊಳ್ಳಿ.

ಈಗ ಸೂತ್ರಗಳು. ಹೋಲಿಕೆಗೆ ಸುಲಭವಾಗಲೆಂದು ಈ ಅಂಕಿಗಳನ್ನು ಹಿಡಿಯೋಣ: 60 ನಾಣ್ಯ, ಅವುಗಳಲ್ಲಿ ಗುರುತಾದ ಆನೆ ಬದಿಯ ಅಚ್ಚು 40, ಒಂದೇ ನಾಣ್ಯದಲ್ಲಿ ಕಂಡ ಒಂಟಿ ಅಚ್ಚು 26, ಎರಡರಲ್ಲಿ ಕಂಡ ಜೋಡಿ ಅಚ್ಚು 9.

ನಾಣ್ಯ ಸಂಶೋಧಕ ಜೈಲ್ಸ್ ಕಾರ್ಟರ್ 1983ರಲ್ಲಿ ಕೊಟ್ಟದ್ದು ಸರಳೀಕರಿಸಿದ ಸೂತ್ರ. ನಾಣ್ಯ ಅಚ್ಚಿನ ಎರಡು ಪಟ್ಟಿಗಿಂತ ಕಡಿಮೆ ಇದ್ದಾಗ, ನಾಣ್ಯ ಗುಣಿಸು ಅಚ್ಚನ್ನು (1.214 × ನಾಣ್ಯ − 1.197 × ಅಚ್ಚು) ಇಂದ ಭಾಗಿಸಬೇಕು. ನಮ್ಮ ಅಂಕಿಗೆ 96 ಬರುತ್ತದೆ. ಎರಡರಿಂದ ಮೂರು ಪಟ್ಟಿಗೆ 1.124 ಮತ್ತು 1.016, ಅದಕ್ಕೂ ಮೇಲೆ 1.069 ಮತ್ತು 0.843. ಒಂಟಿಗಳನ್ನು ಬೇರೆ ಎಣಿಸುವ ಗೊಡವೆಯಿಲ್ಲ, ಅದೇ ಇದರ ಅನುಕೂಲ.

ಗಣಿತಜ್ಞ ವಾರೆನ್ ಎಸ್ಟಿ ಒಂಟಿಗಳ ಮೇಲೆ ನಿಲ್ಲಿಸಿದ ಲೆಕ್ಕದ ಬೇರು ಸಂಖ್ಯಾಶಾಸ್ತ್ರಜ್ಞ ಐ. ಜೆ. ಗುಡ್ ಅವರ 1953ರ 'ವ್ಯಾಪ್ತಿ'ಯಲ್ಲಿದೆ (ಯುದ್ಧಕಾಲದ ಗೂಢಲಿಪಿ ಕೆಲಸದಲ್ಲಿ ಟ್ಯೂರಿಂಗ್‌ಗೆ ಹೊಳೆದ ಉಪಾಯವಿದು). 1 − 26/60, ಅಂದರೆ 0.57. ಆ ಠಂಕಸಾಲೆಯ ನಾಣ್ಯಗಳಲ್ಲಿ ಸುಮಾರು 57%ರಷ್ಟನ್ನು ನಾವು ಕಂಡ ಅಚ್ಚುಗಳೇ ಹೊಡೆದಿವೆ ಎಂದರ್ಥ. 40ನ್ನು 0.567ರಿಂದ ಭಾಗಿಸಿ (1 + 26/80) ಇಂದ (80 ಅಂದರೆ ಅಚ್ಚಿನ ಎರಡು ಪಟ್ಟು) ಗುಣಿಸಿದರೆ ಅಚ್ಚು 94 ಆಗುತ್ತದೆ. ಇದರ ಲಾಭ ಬೇರೆಯೇ: ತಪ್ಪಿನ ಅಳತೆ ಕೈಗೆ ಸಿಗುತ್ತದೆ. ಒಂಟಿ + 2 × ಜೋಡಿ − ಒಂಟಿಯ ವರ್ಗ/ನಾಣ್ಯ, ಇದರ ವರ್ಗಮೂಲವನ್ನು 2/60ರಿಂದ ಗುಣಿಸಿದರೆ 0.19. ಅಂದರೆ ವ್ಯಾಪ್ತಿ 38%ರಿಂದ 76%ರ ನಡುವೆ ಎಲ್ಲಾದರೂ ಇರಬಹುದು. 60 ನಾಣ್ಯ ಇಟ್ಟುಕೊಂಡು ಗಟ್ಟಿ ಮಾತಾಡುವವರಿಗೆ ಇಷ್ಟು ಸಾಕು.

ಎಸ್ಟಿಯವರದೇ 2011ರ ಜ್ಯಾಮಿತೀಯ ಮಾದರಿ ಮೂರನೆಯದು: ನಾಣ್ಯ × ಅಚ್ಚು ÷ (ನಾಣ್ಯ − ಅಚ್ಚು). 2400ನ್ನು 20ರಿಂದ ಭಾಗಿಸಿದರೆ 120. ಬೇಗ ಒಡೆದುಹೋಗುವ ಅಚ್ಚುಗಳು ಬಹಳ ಎಂದು ಇದು ಒಪ್ಪಿಕೊಳ್ಳುತ್ತದೆ. ಅಗಲ ಬಿಲ್ಲೆಯ ದಪ್ಪ ತಾಮ್ರಕ್ಕೆ ಈ ಊಹೆ ಹೆಚ್ಚು ಒಪ್ಪುತ್ತದೆಂದು ನಮ್ಮ ಅಭಿಪ್ರಾಯ. ನಾಣ್ಯ 200, ಅಚ್ಚು 50 ಆದಾಗ ಇದು 67 ಕೊಟ್ಟರೆ ಕಾರ್ಟರ್ 58. ಎಣಿಸಿದ ನಾಣ್ಯ ಹೆಚ್ಚಾದಂತೆ ಸೂತ್ರಗಳ ಜಗಳ ಸಣ್ಣದಾಗುತ್ತದೆ.

ಆದರೆ ಸೂತ್ರ ಆರಿಸುವುದಕ್ಕಿಂತ ಕಣ್ಣಿನ ಕೆಲಸವೇ ದೊಡ್ಡದು. ಅದೇ 60ರಲ್ಲಿ ಸವೆತದಿಂದ ಒಂಟಿ ಎಂದು ಬರೆದುಕೊಂಡ ನಾಲ್ಕು ನಾಣ್ಯ ನಿಜಕ್ಕೂ ಈಗಾಗಲೇ ಎರಡು ಸಲ ಕಂಡ ಅಚ್ಚುಗಳವೇ ಎನ್ನಿ. ಅಚ್ಚು 36, ಒಂಟಿ 22 ಆಗುತ್ತದೆ. ಕಾರ್ಟರ್ 96ರಿಂದ 73ಕ್ಕೆ, ಎಸ್ಟಿ 94ರಿಂದ 74ಕ್ಕೆ, ಜ್ಯಾಮಿತೀಯ 120ರಿಂದ 90ಕ್ಕೆ ಇಳಿಯುತ್ತವೆ. ನಾಲ್ಕೇ ನಾಣ್ಯ! ಅದಕ್ಕೇ ಗುರುತು ಸಿಗದಷ್ಟು ಸವೆದದ್ದನ್ನು 'ಬೇರೆ ಅಚ್ಚು' ಎಂದು ಸೇರಿಸದೆ ಎಣಿಕೆಯಿಂದಲೇ ತೆಗೆದಿಡಿ. ಜೊತೆಗೆ ಇಬ್ಬರು ಬೇರೆ ಬೇರೆ ಕೂತು ಹೊಂದಿಸಿ, ಆಮೇಲೆ ಪಟ್ಟಿ ತಾಳೆ ನೋಡಿ. ಹಿಂಬದಿಗೆ ಲೆಕ್ಕ ಪ್ರತ್ಯೇಕ. ಸುತ್ತಿಗೆ ಏಟನ್ನು ನೇರ ತಿನ್ನುವ ಮೇಲಚ್ಚು ಅಡಿಯಚ್ಚಿಗಿಂತ ಬೇಗ ಹೋಗುತ್ತದೆ.

ಅಚ್ಚಿನಿಂದ ನಾಣ್ಯದ ಸಂಖ್ಯೆಗೆ ಹಾರುವುದಕ್ಕೆ ನಾವು ಒಪ್ಪುವುದಿಲ್ಲ. ಗ್ರೀಸಿನ ಡೆಲ್ಫಿಯ ಶಾಸನಗಳಿಂದ ತೆಗೆದ, ಅಚ್ಚೊಂದಕ್ಕೆ 23,333ರಿಂದ 47,250 ನಾಣ್ಯ ಎಂಬ ಅಂಕಿ ಬೆಳ್ಳಿಯದು. ಅದನ್ನು ತಂದು ತಾಮ್ರಕ್ಕೆ ಗುಣಿಸಿದರೆ 120 ಅಚ್ಚು 28 ಲಕ್ಷವೂ ಆಗುತ್ತದೆ, 57 ಲಕ್ಷವೂ ಆಗುತ್ತದೆ. ಅದರ ಬದಲು ಒಂದೇ ಠಂಕಸಾಲೆಯ ಎರಡು ವರ್ಷಗಳನ್ನು ಪಕ್ಕಪಕ್ಕ ಇಡಿ. ಪಟ್ಟಣದ ಪೈಸೆಯಲ್ಲಿ ಮೌಲೂದಿ 1224ರಿಂದ ವರ್ಷಕ್ಕೊಂದು ಅಕ್ಷರ (ಅಲಿಫ್, ಬೇ, ತೇ) ಇರುವುದರಿಂದ, ಇಸವಿ ಬಿಲ್ಲೆಯ ಹೊರಗೆ ಬಿದ್ದಿದ್ದರೂ ವರ್ಷ ವಿಂಗಡಿಸಬಹುದು. ಎರಡಕ್ಕೂ ಒಂದೇ ಸೂತ್ರ ಹಾಕಿ, ಅಚ್ಚಿನ ಅನುಪಾತವನ್ನಷ್ಟೇ ಬರೆಯಿರಿ, ಪಕ್ಕದಲ್ಲಿ ವ್ಯಾಪ್ತಿಯ ಅಂಕಿಯನ್ನೂ ಹಾಕಿ.