ಫೋಲ್ಡಿಟ್: ಅಂಕ ಬಿಟ್ಟುಕೊಡಲು ಕಲಿಸುವ ಆಟ

ಫೋಲ್ಡಿಟ್ ಆಡುವವರ ಮುಂದೆ ಒಂದು ಪ್ರೋಟೀನಿನ, ಅಂದರೆ ಅಮೈನೋ ಆಮ್ಲಗಳೆಂಬ ಕೊಂಡಿಗಳು ಸೇರಿ ಮಡಚಿಕೊಂಡ ಸರಪಳಿಯ, ಚಿತ್ರವಿರುತ್ತದೆ, ಅದರ ಮೇಲೆ ಒಂದು ಅಂಕವಿರುತ್ತದೆ. ಆ ಪ್ರೋಟೀನನ್ನು ಎಳೆದು, ತಿರುಗಿಸಿ, ಮಡಚಿ ಅಂಕವನ್ನು ಏರಿಸುತ್ತಾ ಹೋಗುವುದೇ ಇಲ್ಲಿನ ಆಟ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿಗಳೂ ಕಂಪ್ಯೂಟರ್ ವಿಜ್ಞಾನಿಗಳೂ ಸೇರಿ ರೂಪಿಸಿದ ಈ ಉಚಿತ ಗೇಮ್ 2008ರಲ್ಲಿ ಬಿಡುಗಡೆಯಾಯಿತು. ಅಲ್ಲಿನ ಜೀವರಸಾಯನ ವಿಜ್ಞಾನಿ ಡೇವಿಡ್ ಬೇಕರ್ ಅವರ ಪ್ರಯೋಗಾಲಯವು ಪ್ರೋಟೀನುಗಳ ಆಕಾರವನ್ನು ಲೆಕ್ಕಹಾಕಲು ಸಾರ್ವಜನಿಕರ ಕಂಪ್ಯೂಟರುಗಳ ಬಿಡುವಿನ ಸಮಯವನ್ನು ಬಳಸಿಕೊಳ್ಳುತ್ತಿತ್ತು. ತೆರೆಯ ಮೇಲೆ ಆ ಲೆಕ್ಕ ನಡೆಯುವುದನ್ನು ನೋಡುತ್ತಿದ್ದವರಲ್ಲಿ ಕೆಲವರಿಗೆ, ಯಂತ್ರ ಎಡವುತ್ತಿರುವ ಕಡೆ ತಾವೇ ಕೈಹಾಕಿ ಸರಿಪಡಿಸಬಹುದಿತ್ತು ಎನ್ನಿಸಿತು. ಆ ಆಸೆಯೇ ಆಟವಾಗಿ ಬೆಳೆಯಿತು.

ಆಟದ ಒಳಗೆ ಕಣ್ಣಿಗೆ ಬೀಳುವುದೆಲ್ಲಕ್ಕೂ ಅರ್ಥವಿದೆ. ಎರಡು ಭಾಗಗಳು ಒಂದಕ್ಕೊಂದು ತೀರಾ ಹತ್ತಿರ ಬಂದರೆ ಅಲ್ಲಿ ಕೆಂಪು ಮುಳ್ಳಿನ ಚೆಂಡು ಮೂಡುತ್ತದೆ. ಸರಪಳಿಯ ಬದಿಗೆ ಚಾಚಿಕೊಂಡ ಭಾಗಗಳೇ ಪಾರ್ಶ್ವಕೊಂಡಿಗಳು; ನೀರನ್ನು ಒಲ್ಲದವು ಕಿತ್ತಳೆ ಬಣ್ಣದಲ್ಲಿದ್ದು, ಅವನ್ನು ಒಳಗೆ ಅಡಗಿಸಬೇಕು. ನೀಲಿ ಬಣ್ಣದವನ್ನು ಹೊರಮೈಗೆ ತರಬೇಕು. ‘ಶೇಕ್’ ಒತ್ತಿದರೆ ಪಾರ್ಶ್ವಕೊಂಡಿಗಳು ತಮ್ಮ ಜಾಗವನ್ನು ಹುಡುಕಿಕೊಳ್ಳುತ್ತವೆ, ‘ವಿಗಲ್’ ಒತ್ತಿದರೆ ಸರಪಳಿಯ ಇಡೀ ಬೆನ್ನೆಲುಬು ಸಣ್ಣಗೆ ಹೊಯ್ದಾಡಿ ನೆಲೆಗೊಳ್ಳುತ್ತದೆ, ದೂರದ ಎರಡು ತುದಿಗಳನ್ನು ಹತ್ತಿರ ಸೆಳೆಯಲು ರಬ್ಬರ್ ಬ್ಯಾಂಡ್ ಕಟ್ಟಬಹುದು. ಅಣುವಿನ ಶಕ್ತಿ ಕಡಿಮೆಯಾದಷ್ಟೂ ಅಂಕ ಹೆಚ್ಚು. ಹೀಗಾಗಿ ಇಲ್ಲಿನ ಅಂಕ ವಿನ್ಯಾಸಕಾರರು ಆಟಗಾರರನ್ನು ಖುಷಿಪಡಿಸಲೆಂದು ಹಂಚುವ ಬಹುಮಾನವಲ್ಲ. ಭೌತಶಾಸ್ತ್ರದ ನಿಯಮಗಳನ್ನು ಆಧರಿಸಿದ ಒಂದು ಅಂದಾಜು. ಜೀವರಸಾಯನ ಶಾಸ್ತ್ರದ ಒಂದು ಪುಟವನ್ನೂ ಓದದವರು ಕೂಡ ಪಾಠದ ಹಂತಗಳನ್ನು ಮುಗಿಸುವ ಹೊತ್ತಿಗೆ, ಪ್ರೋಟೀನಿನ ಒಡಲಲ್ಲಿ ಟೊಳ್ಳು ಉಳಿದರೆ ಅದು ಏಕೆ ಕೆಟ್ಟದ್ದು ಎಂಬುದನ್ನು ಕಣ್ಣಿನಿಂದಲೇ ಗುರುತಿಸಬಲ್ಲರು.

ಆದರೆ ಈ ಆಟದ ನಿಜವಾದ ಪಾಠ ಶುರುವಾಗುವುದು ಅಂಕ ಏರುವುದು ನಿಂತಾಗ. ಶೇಕ್, ವಿಗಲ್‌ಗಳನ್ನು ಎಷ್ಟು ಬಾರಿ ಒತ್ತಿದರೂ ಸಂಖ್ಯೆ ಕದಲದ ಸ್ಥಿತಿಯೊಂದು ಬಹುತೇಕ ಪ್ರತಿ ಒಗಟಿನಲ್ಲೂ ಬರುತ್ತದೆ. ಆಗ ಮುಂದೆ ಹೋಗಲು ಇರುವ ದಾರಿ, ಅಲ್ಲಿಯವರೆಗೆ ಕಟ್ಟಿದ್ದರಲ್ಲಿ ಒಂದು ಭಾಗವನ್ನು ಬೇಕೆಂದೇ ಕೆಡವುವುದು: ಸುರುಳಿಯೊಂದನ್ನು ಕಿತ್ತು, ಬೇರೆ ಕಡೆಗೆ ತಿರುಗಿಸಿ, ಅಂಕ ಪಾತಾಳಕ್ಕಿಳಿಯುವುದನ್ನು ಸಹಿಸಿಕೊಂಡು, ಹೊಸ ಜಾಗದಲ್ಲಿ ಮತ್ತೆ ನಿಧಾನವಾಗಿ ಕೂರಿಸುವುದು. 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧ ಆಟಗಾರರಲ್ಲಿ ಎತ್ತಿ ಹೇಳಿದ ಗುಣವೂ ಇದೇ. ದೊಡ್ಡ ಮರುಜೋಡಣೆ ಬೇಕಾದ ಒಗಟುಗಳಲ್ಲಿ, ತಾತ್ಕಾಲಿಕವಾಗಿ ಕೆಟ್ಟ ಸ್ಥಿತಿಗೆ ಇಳಿಯಲು ಹಿಂಜರಿಯದ ಮನುಷ್ಯರು ಕಂಪ್ಯೂಟರ್ ವಿಧಾನವನ್ನು ಮೀರಿಸಿದ್ದರು. ತಪ್ಪಿದರೆ ಅಂಕ ಹೋಗುತ್ತದೆ ಎಂಬ ಭಯದಲ್ಲೇ ಕಲಿತು ಬಂದ ನಮಗೆ, ಅಂಕ ಕಳೆದುಕೊಳ್ಳುವುದನ್ನೇ ಒಂದು ಉಪಾಯವನ್ನಾಗಿ ಅಭ್ಯಾಸ ಮಾಡಿಸುವ ಇನ್ನೊಂದು ಸಾಧನ ಸಿಗುವುದು ಕಷ್ಟ. ಹಿಂದಿನ ಉತ್ತಮ ರೂಪವನ್ನು ಆಟ ಜೋಪಾನವಾಗಿ ಉಳಿಸಿಕೊಂಡಿರುವುದರಿಂದ ಆ ಧೈರ್ಯಕ್ಕೆ ತೆರಬೇಕಾದ ಬೆಲೆಯೂ ಚಿಕ್ಕದು. ಕಲಿಕೆಯ ದೃಷ್ಟಿಯಿಂದ ನನಗೆ ಇದೇ ಈ ಆಟದ ಅತ್ಯುತ್ತಮ ಗುಣ.

ವೈದ್ಯಕೀಯಕ್ಕೆ ಇದರಿಂದ ಏನು ದಕ್ಕಿದೆ ಎಂದು ಕೇಳುವವರಿಗೆ 2011ರ ಉದಾಹರಣೆಯನ್ನು ಕೊಡಬೇಕು. ಮಂಗಗಳಲ್ಲಿ ಏಡ್ಸ್‌ನಂಥ ಕಾಯಿಲೆ ತರುವ ಮೇಸನ್-ಫೈಜರ್ ವೈರಸ್ಸಿನ ಪ್ರೋಟಿಯೇಸ್ ಎಂಬ ಕಿಣ್ವದ ರಚನೆ ದಶಕಕ್ಕೂ ಹೆಚ್ಚು ಕಾಲ ಬಿಡಿಸಲಾಗದೆ ಉಳಿದಿತ್ತು. ಫೋಲ್ಡಿಟ್ ಆಟಗಾರರು ಮೂರು ವಾರಗಳಲ್ಲಿ ಕಟ್ಟಿಕೊಟ್ಟ ಮಾದರಿ ಎಷ್ಟು ನಿಖರವಾಗಿತ್ತೆಂದರೆ, ಅದನ್ನು ಎಕ್ಸ್-ರೇ ದತ್ತಾಂಶದ ಜೊತೆ ಹೊಂದಿಸಿ ವಿಜ್ಞಾನಿಗಳು ರಚನೆಯನ್ನು ಪೂರ್ತಿಯಾಗಿ ಬಿಡಿಸಿದರು. ಎಚ್‌ಐವಿಯಲ್ಲೂ ಇದೇ ವರ್ಗದ ಕಿಣ್ವವಿದ್ದು, ಏಡ್ಸ್ ಚಿಕಿತ್ಸೆಯ ಔಷಧಿಗಳಲ್ಲಿ ಒಂದು ಮುಖ್ಯ ಗುಂಪು ತಡೆಯುವುದು ಅದನ್ನೇ. ಆದ್ದರಿಂದ ಇಂಥ ಕಿಣ್ವದ ಆಕಾರ ತಿಳಿಯುವುದೆಂದರೆ ಔಷಧಿ ಎಲ್ಲಿ ಕೂರಬೇಕೆಂಬುದರ ಸುಳಿವು ಸಿಕ್ಕಂತೆ. ಸುಳಿವು ಔಷಧಿಯಲ್ಲ, ಆಟಗಾರರು ಯಾವ ರೋಗವನ್ನೂ ಗುಣಪಡಿಸಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಮುಂದೆ 2019ರಲ್ಲಿ, ಪ್ರಕೃತಿಯಲ್ಲಿಲ್ಲದ ಪ್ರೋಟೀನುಗಳನ್ನು ಆಟಗಾರರೇ ವಿನ್ಯಾಸಗೊಳಿಸಿದ ಫಲಿತಾಂಶ ಪ್ರಕಟವಾಯಿತು: ಪ್ರಯೋಗಾಲಯದಲ್ಲಿ ಪರೀಕ್ಷಿಸಿದ 146 ವಿನ್ಯಾಸಗಳಲ್ಲಿ 56 ಸರಿಯಾಗಿ ಮಡಚಿಕೊಂಡು ಸ್ಥಿರವಾಗಿ ನಿಂತವು.

ಆ ವಿನ್ಯಾಸದ ಕೆಲಸದಲ್ಲೇ ಇನ್ನೊಂದು ಸಂಗತಿ ಹೊರಬಿತ್ತು. ಆರಂಭದಲ್ಲಿ ಆಟಗಾರರು ಅಂಕವನ್ನೇ ಬೆನ್ನಟ್ಟಿ, ತೆರೆಯ ಮೇಲೆ ಮೊದಲ ಸ್ಥಾನ ಗಳಿಸುವ ಆದರೆ ನಿಜವಾದ ಅಣುವಾಗಿ ನಿಲ್ಲಲಾರದ ರಚನೆಗಳನ್ನು ಕಟ್ಟುತ್ತಿದ್ದರು. ವಿಜ್ಞಾನಿಗಳು ಹೊಸ ನಿಯಮಗಳನ್ನು ಸೇರಿಸಿ ಆಟವನ್ನು ತಿದ್ದುತ್ತಾ ಹೋಗಬೇಕಾಯಿತು. ರಕ್ತಪರೀಕ್ಷೆಯ ಸಂಖ್ಯೆ ಸುಧಾರಿಸಿದ ಮಾತ್ರಕ್ಕೆ ರೋಗಿ ಸುಧಾರಿಸಿದ್ದಾರೆ ಎನ್ನಲಾಗದು ಎಂಬುದನ್ನು ವೈದ್ಯ ವಿದ್ಯಾರ್ಥಿಗಳು ಬಹಳ ಬೇಗ ಅರಿಯಬೇಕಾಗುತ್ತದೆ; ಅಳತೆಗೂ ವಸ್ತುವಿಗೂ ನಡುವಿನ ಅಂತರವನ್ನು ಇಷ್ಟು ನೇರವಾಗಿ ತೋರಿಸುವ ಆಟ ನನಗೆ ಬೇರೆ ಗೊತ್ತಿಲ್ಲ.

ಕೊರತೆಗಳೂ ಇವೆ. ಪಾಠದ ಹಂತಗಳಿಂದ ನಿಜವಾದ ವೈಜ್ಞಾನಿಕ ಒಗಟುಗಳಿಗೆ ಏರುವ ಮೆಟ್ಟಿಲು ತೀರಾ ಎತ್ತರ. ಅಲ್ಲಿಯವರೆಗೆ ಕೈಹಿಡಿದು ನಡೆಸಿದ ಆಟ ಹೊಸಬರನ್ನು ಒಮ್ಮೆಲೇ ನೂರಾರು ಕೊಂಡಿಗಳ ಸರಪಳಿಯ ಮುಂದೆ ಒಂಟಿಯಾಗಿ ನಿಲ್ಲಿಸುತ್ತದೆ. ‘ರೆಸಿಪಿ’ಗಳೆಂಬ, ಆಟಗಾರರೇ ಬರೆದು ಹಂಚಿಕೊಳ್ಳುವ ಸ್ವಯಂಚಾಲಿತ ಆದೇಶಗಳು ಜಾಣತನದ ಸೃಷ್ಟಿಗಳೇ, ಅವುಗಳಲ್ಲೊಂದು, ವಿಜ್ಞಾನಿಗಳು ಪ್ರತ್ಯೇಕವಾಗಿ ರೂಪಿಸುತ್ತಿದ್ದ ವಿಧಾನವನ್ನೇ ಹೋಲುತ್ತಿತ್ತೆಂಬುದು 2011ರಲ್ಲಿ ವರದಿಯಾಗಿದೆ. ಆದರೂ ಕಂಪ್ಯೂಟರನ್ನು ಗಂಟೆಗಟ್ಟಲೆ ತಾನೇ ಓಡಲು ಬಿಟ್ಟು ಅಂಕ ಹೆಚ್ಚಿಸಿಕೊಳ್ಳುವ ಅಭ್ಯಾಸ, ಕೈಯಿಂದ ಮಡಚಿ ಕಲಿಯುವ ಸುಖವನ್ನು ಕಸಿಯುತ್ತದೆ.

ಪ್ರೋಟೀನಿನ ಆಕಾರವನ್ನು ತಾನೇ ಊಹಿಸುವ ಆಲ್ಫಾಫೋಲ್ಡ್‌ನಂಥ ಕೃತಕ ಬುದ್ಧಿಮತ್ತೆ ಬಂದ ಮೇಲೆ ಇದನ್ನು ಏಕೆ ಆಡಬೇಕು? 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಅರ್ಧ ಭಾಗ ಪ್ರೋಟೀನ್ ವಿನ್ಯಾಸಕ್ಕಾಗಿ ಬೇಕರ್ ಅವರಿಗೂ, ಉಳಿದರ್ಧ ರಚನೆಯ ಊಹೆಗಾಗಿ ಆಲ್ಫಾಫೋಲ್ಡ್‌ನ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೂ ಸಂದಿತು. ಇರುವ ಸರಪಳಿಯ ಆಕಾರವನ್ನು ಊಹಿಸುವುದರಲ್ಲಿ ಯಂತ್ರ ಈಗ ಮುಂದಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೇಲೆ ಹೇಳಿದ ಪಾಠಗಳನ್ನು ಕಲಿಯಲು ಕೈಯಾರೆ ಮಡಚಿಯೇ ನೋಡಬೇಕು. ಫೋಲ್ಡಿಟ್ ಆ ಸಾಧನವನ್ನೂ ತನ್ನೊಳಗೆ ಸೇರಿಸಿಕೊಂಡಿದ್ದು, ಆಟಗಾರರು ತಮ್ಮ ವಿನ್ಯಾಸವನ್ನು ಅದರಿಂದ ಪರೀಕ್ಷಿಸಿಕೊಳ್ಳಬಹುದು.

ಪಿಯುಸಿ ಮಟ್ಟದ ಜೀವಶಾಸ್ತ್ರ ಓದುತ್ತಿರುವವರಿಗೆ, ವೈದ್ಯ ಮತ್ತು ಔಷಧ ವಿಜ್ಞಾನದ ವಿದ್ಯಾರ್ಥಿಗಳಿಗೆ, ಒಗಟುಗಳ ಮುಂದೆ ತಾಳ್ಮೆಯಿಂದ ಕೂರಬಲ್ಲ ಯಾರಿಗಾದರೂ ನಾನು ಇದನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ದೊಡ್ಡ ತೆರೆ ಮತ್ತು ಮೌಸ್ ಇರುವ ಕಂಪ್ಯೂಟರಿನಲ್ಲಿ ಆಡಿ. ಪಾಠದ ಹಂತಗಳನ್ನು ಬಿಡದೆ ಮುಗಿಸಿ. ವೈಜ್ಞಾನಿಕ ಒಗಟುಗಳಿಗೆ ಇಳಿಯುವ ಮೊದಲು ಅನುಭವಿಗಳಿರುವ ಒಂದು ಗುಂಪನ್ನು ಸೇರಿಕೊಳ್ಳಿ. ಕನಿಷ್ಠ ಮೊದಲ ಕೆಲವು ಒಗಟುಗಳಲ್ಲಾದರೂ ರೆಸಿಪಿಗಳನ್ನು ಮುಟ್ಟಬೇಡಿ.