ಮಾನನಷ್ಟದ ನೋಟಿಸ್ ಬಂದರೆ ಎಂಥ ವಕೀಲರ ಹತ್ತಿರ ಹೋಗಬೇಕು: ಹಾಸನದ ಒಂದು ಕಚೇರಿ

ಐದಕ್ಕೆ ಐದು ಸ್ಟಾರ್. ಹಾಸನದ ಕೋರ್ಟ್ ಹತ್ತಿರ ಮೊದಲ ಮಹಡಿಯಲ್ಲಿರುವ ಕಚೇರಿ. ವಕೀಲರು ಜಾಹೀರಾತು ಕೊಡುವಂತಿಲ್ಲ, ಹೆಸರು ಹಾಕಬೇಡಿ ಅಂದಿದ್ದಾರೆ ಮೇಡಂ. ಅದಕ್ಕೇ ಹಾಕಿಲ್ಲ.

ಮಗನ ಗೃಹಪ್ರವೇಶಕ್ಕೆ ಅಡುಗೆ ಒಪ್ಪಿಕೊಂಡವರು ಹಳಸಿದ ಸಾಗು ಬಡಿಸಿದ್ದರು. ನೊರೆ ಎದ್ದ ಪಾತ್ರೆಯ ಫೋಟೊ ಸಮೇತ ಆನ್‌ಲೈನ್‌ನಲ್ಲಿ ಬರೆದೆ. ಸ್ವಲ್ಪ ದಿನಕ್ಕೇ ರಿಜಿಸ್ಟರ್ಡ್ ಪೋಸ್ಟ್ ಬಂತು. ಅಳಿಸಿ ಕ್ಷಮೆ ಕೇಳಬೇಕಂತೆ, ಇಲ್ಲದಿದ್ದರೆ ಕ್ರಿಮಿನಲ್ ಕೇಸಂತೆ. 'ಅಳಿಸಿಬಿಡು, ಸುಮ್ನೆ ಯಾಕೆ ಕೋರ್ಟು ಕಚೇರಿ' ಅಂದರು ಮನೆಯವರು.

ಮೇಡಂ ಮೊದಲು ಫೀಸು ಎಷ್ಟು ಅಂತ ಹೇಳಿದರು. ಆಮೇಲೆ ನೋಟಿಸ್ ಪಕ್ಕಕ್ಕಿಟ್ಟು ನಾನು ಬರೆದಿದ್ದನ್ನು ಕೇಳಿದರು. ಪೆನ್ಸಿಲ್ ಹಿಡಿದು ಒಂದೊಂದೇ ಸಾಲಿಗೆ ಗೆರೆ ಎಳೆಯುತ್ತಾ ಹೋದರು. 'ಇದಕ್ಕೆ ಫೋಟೊ ಇದೆ, ಉಂಡವರಿದ್ದಾರೆ. ನಿಜ ಹೇಳಿದ್ದೀರಿ, ಬೇರೆಯವರಿಗೂ ಉಪಯೋಗ ಆಗೋ ಮಾತು. ಅಂಥದ್ದಕ್ಕೆ ಕಾನೂನಲ್ಲೇ ವಿನಾಯಿತಿ ಇದೆ, ಹೆದರಬೇಡಿ ಅಮ್ಮ' ಅಂದರು. ಪೊಲೀಸರು ವಾರಂಟ್ ಇಲ್ಲದೆ ಹಿಡಿಯುವಂತಿಲ್ಲ, ಜಾಮೀನು ಸಿಗುತ್ತದೆ ಅಂತ ಬಿಡಿಸಿ ಹೇಳಿದರು. ಒಂದೇ ಪುಟದ ಉತ್ತರ ಹೋಯಿತು. ಆ ಕಡೆಯಿಂದ ಮತ್ತೆ ಸುದ್ದಿಯಿಲ್ಲ.

ನನಗೆ ಸಿಟ್ಟಿರುವುದು ಕಾನೂನಿನ ಮೇಲೆ. ಮಾನನಷ್ಟಕ್ಕೆ ಎರಡು ವರ್ಷದವರೆಗೆ ಜೈಲು ಅನ್ನುವುದು 1860ರ ದಂಡ ಸಂಹಿತೆಯಲ್ಲಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2023ರಲ್ಲಿ ಸಂಸತ್ತು ಆ ಸಂಹಿತೆಯನ್ನೇ ಬದಲಿಸಿತಲ್ಲ, ಆಗಲಾದರೂ ತೆಗೆಯಬಹುದಿತ್ತು. ತೆಗೆಯಲಿಲ್ಲ. ಹೊಸ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಜೈಲು ಹಾಗೇ ಇದೆ, ಜೊತೆಗೆ ಸಮುದಾಯ ಸೇವೆ ಅಂತ ಸೇರಿಸಿದ್ದಾರೆ ಅಷ್ಟೆ. ಇದನ್ನು ನಮಗೆ ಕೊಟ್ಟ ಬ್ರಿಟಿಷರು ತಮ್ಮಲ್ಲಿ 2009ರ ಕಾಯ್ದೆಯಲ್ಲೇ ಕ್ರಿಮಿನಲ್ ಮಾನನಷ್ಟವನ್ನು ಕಿತ್ತುಹಾಕಿದರು. ಇಂಗ್ಲೆಂಡಿನ 2013ರ ಕಾಯ್ದೆ ಪ್ರಕಾರ ಲಾಭಕ್ಕೆ ನಡೆಯುವ ಕಂಪನಿ ದಾವೆ ಹೂಡಬೇಕಾದರೆ, ದೊಡ್ಡ ಹಣದ ನಷ್ಟ ಆಗಿದೆ ಅಥವಾ ಆಗುವಂತಿದೆ ಅಂತ ತೋರಿಸಬೇಕು. ಅದು ನ್ಯಾಯ ಅಲ್ವಾ? ಸುಳ್ಳು ಬರೆದು ಒಬ್ಬರ ಹೊಟ್ಟೆ ಮೇಲೆ ಹೊಡೆದರೆ ಪರಿಹಾರ ಕಟ್ಟಿಸಲಿ, ಸಿವಿಲ್ ಕೋರ್ಟ್ ಇದೆ. ಸಾಗು ಹಳಸಿತ್ತು ಅಂದವರಿಗೆ ಜೈಲು ತೋರಿಸಿ ಬಾಯಿ ಮುಚ್ಚಿಸುವುದನ್ನು ಮಾತ್ರ ನಮ್ಮ ಸಂಸದರು ನಿಲ್ಲಿಸಲೇಬೇಕು.

ಕಚೇರಿಯ ಮೆಟ್ಟಿಲು ಕಡಿದು, ಮಂಡಿ ನೋವಿದ್ದವರು ಕೆಳಗಿನಿಂದಲೇ ಫೋನ್ ಮಾಡಿ, ಗುಮಾಸ್ತರು ಇಳಿದು ಬರುತ್ತಾರೆ. ನೋಟಿಸ್ ಬಂದ ಲಕೋಟೆ, ಬಿಲ್ಲು, ಫೋಟೊ ಎಲ್ಲ ತೆಗೆದುಕೊಂಡು ಹೋಗಿ. ಹೋಗೋ ಮುಂಚೆ ಬರೆದಿದ್ದನ್ನು ಮಾತ್ರ ಅಳಿಸಬೇಡಿ.